ಯಾರಿಗೇನಾತು?

ಮುಂಡರಗಿ ರಸ್ತೆಯಲ್ಲಿ ಹುಡುಗಿಯೊಬ್ಬಳು ಓಡುತ್ತಿದ್ದರೆ ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು. ಬೇರೆ ಕಾರಣ ನಮ್ಮ ಕಡೆಯ ಜನಕ್ಕೆ ಹೊಳೆಯುವುದೇ ಇಲ್ಲ. ನಾನು ಬೆಳಗ್ಗೆ ಊರು ದಾಟಿ, ಕಪ್ಪತಗುಡ್ಡ ಕಾಣುವ ತನಕ ಓಡಲು ಶುರುಮಾಡಿದ ಹೊಸತರಲ್ಲಿ, ನಮ್ಮ ಓಣಿಯ ಹಿರಿಯರೊಬ್ಬರು ಪಕ್ಕದಲ್ಲಿ ಗಕ್ಕನೆ ಬೈಕು ನಿಲ್ಲಿಸಿದರು.

"ಯಾಕವ್ವಾ, ಯಾರಿಗೇನಾತು? ಜಲ್ದಿ ಹತ್ತು, ದವಾಖಾನಿಗೆ ಬಿಡ್ತೀನಿ."

"ಯಾರಿಗೂ ಏನೂ ಆಗಿಲ್ರಿ ಕಾಕಾ. ಸುಮ್ನ ಓಡಾಕತ್ತೀನಿ."

ಅವರು ನಂಬಲಿಲ್ಲ. ಸಂಜೆ ಮನೆಗೇ ಬಂದು ಅವ್ವನನ್ನು ವಿಚಾರಿಸಿದರು. ಆಮೇಲೆ ಓಣಿಗೆ ಓಣಿಯೇ ವಿಚಾರಿಸಿತು. ನನಗೆ ಮೈಯೆಲ್ಲ ಉರಿಯಿತು.

ಸೆಕೆಂಡ್ ಪಿಯುಸಿಯಲ್ಲಿ ಫೇಲಾದ ಮೇಲೆ ಇಡೀ ಮಳೆಗಾಲ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಿದ್ದೆ ಹತ್ತುತ್ತಿರಲಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಓಡತೊಡಗಿದ ಮೇಲೆಯೇ ನಿದ್ದೆ ಬಂತು, ಹಸಿವೂ ಬಂತು. ಈಗಲೂ ಕೆಲವು ದಿನ ಆ ಗೋಡೆ ಕರೆಯುತ್ತದೆ. ಅಂಥ ದಿನ ಇನ್ನಷ್ಟು ದೂರ ಓಡುತ್ತೇನೆ.

ನಾನು ಹಾಗೆ ಮಲಗಿದ್ದಾಗಲೂ ಇದೇ ಓಣಿಯ ಜನ ದಿನಾ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರು. ಒಬ್ಬರಾದರೂ ಒಳಗೆ ಇಣುಕಿ, "ನಿನಗೇನಾತವ್ವಾ?" ಎಂದು ಕೇಳಲಿಲ್ಲ.