ಅಂಗಡಿ ಗೋಡೆಗೆ ಯಾವ ಗುಲಾಬಿ

ನಮ್ಮ ಹೊಲಿಗೆ ಟೀಚರ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಹಾಗಲಕಾಯಿಯಂತೆ ಒರಟಾಗಿತ್ತು. ಹರಿಹರದ ಅವರ ಮನೆಗೆ ಕಸೂತಿ ಕಲಿಯಲು ಹೋಗುತ್ತಿದ್ದ ನಮಗೆ, ದಾರ ಆರಿಸುವಾಗಲೆಲ್ಲ "ಲೈಟಿನಾಗೆ ನೋಡಬ್ಯಾಡ, ಬಾಗಿಲಿಗೆ ಬಾ" ಎನ್ನುತ್ತಿದ್ದರು. ಎಲೆಯ ಹಸಿರು ಒಂಚೂರು ಹೆಚ್ಚುಕಡಿಮೆಯಾದರೂ ಬಿಚ್ಚಿಸುತ್ತಿದ್ದರು. ಅತ್ತರೆ ಮಂಡಕ್ಕಿ ಕೊಟ್ಟು, ತಿಂದ ಮೇಲೆ ಬಿಚ್ಚಿಸುತ್ತಿದ್ದರು.

ಆ ವಿದ್ಯೆಯನ್ನೇ ನಂಬಿ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ತೆರೆಯಲು ಹೊರಟೆ. ಮುಂದಿನ ಕೋಣೆಗೆ ಗುಲಾಬಿ ಬಣ್ಣವೆಂದು ನಿಶ್ಚಯವಾಗಿತ್ತು. ಪೇಂಟ್ ಅಂಗಡಿಯವರು ಕೊಟ್ಟ ಬಣ್ಣದ ಕಾರ್ಡಿನಲ್ಲಿದ್ದ ಎರಡು ತಿಳಿ ಗುಲಾಬಿಗಳಲ್ಲಿ ಒಂದು ಕೆನೆಯ ಕಡೆಗೆ, ಇನ್ನೊಂದು ನೇರಳೆಯ ಕಡೆಗೆ ಕೂದಲೆಳೆಯಷ್ಟು ವಾಲಿತ್ತು. ಟೀಚರೇ ಆರಿಸಲಿ ಎಂದು ಹರಿಹರಕ್ಕೆ ಹೋದೆ.

ಅವರು ಕಾರ್ಡನ್ನು ಬಾಗಿಲಿಗೆ ಒಯ್ದು, ಹಿಂದೆಮುಂದೆ ತಿರುಗಿಸಿ ನೋಡಿದರು. "ಎರಡೂ ಚೆನ್ನಾಗದಾವೆ. ನಿನ್ನ ಅಂಗಡಿ, ನೀನೇ ಆರಿಸು."

"ಹಂಗಂದ್ರೆ ಹೆಂಗೆ ಟೀಚರ್? ಒಂದು ಹೇಳ್ರಿ."

"ಎರಡೂ ಒಂದೇ ಬಿಡವ್ವ."

ನನಗೆ ರೇಗಿತು. ನನ್ನ ಏಳಿಗೆಯ ಬಗ್ಗೆ ಇವರಿಗೇನೂ ಕಾಳಜಿ ಇಲ್ಲ ಎಂದುಕೊಂಡೆ. "ಮನಸ್ಸಿಲ್ಲ ಅಂದ್ರೆ ಬ್ಯಾಡ ಬಿಡ್ರಿ" ಎಂದು ಕಾರ್ಡ್ ಕಸಿದುಕೊಂಡು ಬಂದು, ಕೆನೆ ಗುಲಾಬಿಯನ್ನು ನಾನೇ ಆರಿಸಿದೆ.

ಗೋಡೆಯ ಕೆಲಸ ಶುರುವಾದ ಮೇಲೆ ಮನಸ್ಸು ತಡೆಯದೆ ಸ್ಕೂಟರಿನಲ್ಲಿ ಅವರನ್ನು ಕರೆತಂದೆ. ದಾರಿಯಲ್ಲಿನ ಬಾತಿ ಊರು ದಾಟಿದರೂ ನನ್ನ ಭುಜ ಬಿಟ್ಟಿರಲಿಲ್ಲ. ಕೋಣೆಯಲ್ಲಿ ನಿಂತು ಸುತ್ತ ನೋಡಿ, "ನೀನು ಆರಿಸಿದ್ದೇ ಸರಿ. ಗುಲಾಬಿ ಚೆನ್ನಾಗಿ ಕೂತೈತೆ" ಎಂದರು.

ಗೋಡೆಗೆ ಆಗಿನ್ನೂ ಬಣ್ಣಕ್ಕೆ ಮುಂಚಿನ ಬಿಳಿ ಪ್ರೈಮರ್ ಮಾತ್ರ ಬಳಿದಿದ್ದರು. ನನ್ನ ಸಿಟ್ಟಿಗೆ ಪ್ರತಿಯಾಗಿ ಕಾಲೆಳೆಯುತ್ತಿದ್ದಾರೆಂದು ನಕ್ಕೆ. ಪೇಂಟರನ್ನೂ ಕರೆದು ಹೇಳಿ ನಗಿಸಿದೆ. ಟೀಚರೂ ನಕ್ಕರು.

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. "ಸ್ವಲ್ಪ ಮೊದಲೇ ಬಂದಿದ್ರೆ..." ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಯಾಕೆ ಹೇಳಲಿಲ್ಲವೆಂದು ಟೀಚರನ್ನು ಕೇಳಿದೆ.

"ಬಣ್ಣ ಕಾಣದ ಹೊಲಿಗೆ ಟೀಚರ್ ಅನ್ನಿಸ್ಕೊಳ್ಳಾಕೆ ನಾಚಿಕೆ ಆತು ಕಣವ್ವ."

ಅವರು ಮುಚ್ಚಿಟ್ಟಿದ್ದು ನಿಜ. ಆದರೆ ನನ್ನೆದುರು ಎರಡು ಸಲ ಅದು ಬಯಲಾಗಿತ್ತು. ಒಮ್ಮೆ ಸಿಟ್ಟಾದೆ, ಇನ್ನೊಮ್ಮೆ ನಕ್ಕೆ.

ಕಳೆದ ವರ್ಷ ಟೀಚರ್ ತೀರಿಕೊಂಡರು. ಅಂಗಡಿಗೆ ಬಂದವರು ಗೋಡೆ ನೋಡಿ, "ಬಣ್ಣ ಭಾಳ ಚೆನ್ನಾಗೈತ್ರಿ, ಯಾರು ಆರಿಸಿದ್ದು?" ಎಂದು ಕೇಳುತ್ತಾರೆ. ನಮ್ಮ ಟೀಚರು ಎನ್ನುತ್ತೇನೆ. ಆ ಗುಲಾಬಿಯನ್ನು ಅವರು ನೋಡಲೇ ಇಲ್ಲ.