ನೀರು ಮೂಸುವವರು

ಬಂಕಿನ ನೆಲದಡಿಯ ಟ್ಯಾಂಕಿನಿಂದ ಪೆಟ್ರೋಲ್ ಸೋರಿ ಅಕ್ಕಪಕ್ಕದ ಬಾವಿಗಳಿಗೆ ಇಳಿದಿದೆಯೇ ಎಂದು ಪತ್ತೆಹಚ್ಚುವ ನನ್ನಂಥವರನ್ನು ನೆಬ್ರಾಸ್ಕದ ಯಾವ ಹಳ್ಳಿಯಲ್ಲಾದರೂ ಸುಲಭವಾಗಿ ಗುರುತಿಸಬಹುದು: ಮದುವೆಯ ಊಟದಲ್ಲೂ ನಾವು ನೀರಿನ ಲೋಟವನ್ನು ಮೂಸಿಯೇ ಕುಡಿಯುತ್ತೇವೆ. ಮನೆ ಕೊಳ್ಳಲು ಹೋದರೆ ಅಡುಗೆಮನೆ ನೋಡುವುದು ಬಿಟ್ಟು, ಹತ್ತಿರದ ಬಂಕು ಯಾವ ದಿಕ್ಕಿಗಿದೆ ಎಂದು ಕೇಳುತ್ತೇವೆ. ನೀರಿನ ಮಾದರಿ ತೆಗೆಯುವ ದಿನವಂತೂ ನಮ್ಮ ಮಡಿ ಹೇಳತೀರದು. ಸೆಂಟು ಇಲ್ಲ, ಕ್ರೀಮು ಇಲ್ಲ, ಕಾರಿಗೆ ಪೆಟ್ರೋಲ್ ತುಂಬಿಸುವುದು ಇಲ್ಲವೇ ಇಲ್ಲ, ಏಕೆಂದರೆ ಕೈಗಂಟಿದ್ದು ಸೀಸೆಗೆ ಸೇರಿದರೆ ಪರೀಕ್ಷೆಯೇ ಕೆಟ್ಟಿತು. ಹೀಗಾಗಿ ಇವತ್ತು ನನ್ನ ಕಾರು ಪೆಟ್ರೋಲ್ ಮುಗಿದು ನಿಂತದ್ದು ಬಂಕಿನ ಎದುರಿಗೇ. "ಬಾರಮ್ಮ, ತುಂಬ್ಸಿಕೊಡ್ತೀನಿ," ಎಂದು ಮಾಲೀಕ ಡ್ವೇನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾದರಿ ತೆಗೆದಾದ್ಮೇಲೆ," ಎಂದು ನಾನು ಗಾಂಭೀರ್ಯದಿಂದ ಸೀಸೆಗಳನ್ನು ಹೊತ್ತು ಪಕ್ಕದ ಮನೆಗೆ ನಡೆದೆ. ಅಲ್ಲಿ ಮನೆಯಾಕೆ ಟೆಸ್ಸಾ, ತಾನು ಬಾವಿನೀರಿನ ನಲ್ಲಿ ತಿರುಗಿಸಲೆಂದು, ತನ್ನ ಕೈಗೂಸನ್ನು ನನ್ನತ್ತ ಚಾಚಿದಳು; ನಾನು ಸಿಕ್ಕಿಬಿದ್ದ ಕಳ್ಳಿಯಂತೆ ಎರಡೂ ಕೈ ಎತ್ತಿ ಹಿಂದೆ ಸರಿದೆ. "ಅಯ್ಯೋ, ಕಚ್ಚಲ್ಲ ಕಣೇ ಅವನು!" ಎಂದಳು. ಮಗುವಿನ ಮೈಯೆಣ್ಣೆಯೂ ನಮಗೆ ಮೈಲಿಗೆಯೇ. ಬೆಳಿಗ್ಗೆ ನನ್ನ ಪುಟ್ಟ ಮಗಳು ಜೂನಿಯನ್ನೂ ಎತ್ತಿಕೊಳ್ಳದೆ, ಬೆನ್ನ ಹಿಂದೆ ಕೈ ಕಟ್ಟಿ, ಬಗ್ಗಿ ಮುತ್ತಿಟ್ಟು ಬಂದಿದ್ದೆ. ಸೀಸೆ ತುಂಬುತ್ತಿದ್ದಂತೆ ಟೆಸ್ಸಾ ಮೆಲ್ಲಗೆ ಕೇಳಿದಳು: "ನಿಜ ಹೇಳು, ಇದ್ರಲ್ಲೇ ಇವನಿಗೆ ಹಾಲಿನ ಪುಡಿ ಕಲಸ್ತಿದ್ದೀನಿ. ಪರವಾಗಿಲ್ವಾ?" "ಫಲಿತಾಂಶ ಬರೋವರೆಗೆ ಏನೂ ಹೇಳೋ ಹಾಗಿಲ್ಲ," ಎಂಬ ಇಲಾಖೆಯ ಮಾತು ಬಾಯಿಂದ ತಾನಾಗಿ ಬಂತು. ಸೀಸೆಗಳ ಮುಚ್ಚಳ ಬಿಗಿದು, ಕಾರಿನಲ್ಲಿದ್ದ ನಮ್ಮ ಮನೆಯ ಕುಡಿಯುವ ನೀರಿನ ಕ್ಯಾನನ್ನು ತಂದು ಅವಳ ಮೆಟ್ಟಿಲ ಮೇಲಿಟ್ಟೆ. ಅವಳು ಅದರಿಂದ ಒಂದು ಲೋಟ ಬಗ್ಗಿಸಿಕೊಂಡಳು. ಮಗುವಿನ ಬಾಟಲಿಗೆ ಸುರಿಯುವ ಮೊದಲು, ಥೇಟ್ ನನ್ನ ಹಾಗೆಯೇ, ಮೂಸಿ ನೋಡಿದಳು.