ಅಂಬಿಕಾಳ ಲ್ಯಾಪ್‌ಟಾಪು, ನನ್ನ ರೊಟ್ಟಿ ಬುಟ್ಟಿ

ನಮ್ಮ ಅಂಬಿಕಾ ಪಾಸಾದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮೊಮ್ಮಗಳು, ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಪಾಸು! ನಿನ್ನೆ ಸಗರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಇವತ್ತು ನಿಮಗೆ.

ಪ್ರಾಜೆಕ್ಟು ಏನೆಂದರೆ, ಕನ್ನಡ ಪುಟವನ್ನು ಲ್ಯಾಪ್‌ಟಾಪು ಗಟ್ಟಿಯಾಗಿ ಓದಿ ಹೇಳಬೇಕು. (ನನ್ನಂಥ ದಪ್ಪ ಕನ್ನಡಕದವರಿಗೆ ಬೇಕಾದದ್ದೇ.) ಯಾರೋ ಪುಣ್ಯವಂತರು ಬರೆದು ಪುಕ್ಕಟೆ ಬಿಟ್ಟ ಸಾಫ್ಟ್‌ವೇರು. ಆದರೆ ಸಿಗುವುದು ಬರೀ ಬರವಣಿಗೆ, ಸಾವಿರಾರು ಫೈಲು. ಅದನ್ನೆಲ್ಲ ಮಷೀನು ತನ್ನ ಭಾಷೆಗೆ ಮಾಡಿಕೊಂಡ ಮೇಲೆಯೇ ಓಡುವುದು. ಅದಕ್ಕೆ ಕಂಪೈಲ್ ಅನ್ನುತ್ತಾರಂತೆ. ಅಂಬಿಕಾಳ ಹಳೆಯ ಲ್ಯಾಪ್‌ಟಾಪಿಗೆ ಅಷ್ಟು ಮಾಡಲು ಐದು ತಾಸು.

ಐದು ತಾಸು! ಅಷ್ಟರಲ್ಲಿ ಹೈದರಾಬಾದ್ ಮುಟ್ಟಬಹುದಲ್ಲ?

ಹದಿನೈದು ದಿನ ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಿಕ್ಸಿ ಹಚ್ಚಬೇಡಿ, ವೈರು ತುಳಿಯಬೇಡಿ, ಫ್ಯಾನು ಈ ಕಡೆ ತಿರುಗಿಸಿ. ಒಂದು ತಪ್ಪು ತಿದ್ದಿದರೆ ಮತ್ತೆ ಐದು ತಾಸು. ಗೆಳತಿಯರು ಹೊಸ ಲ್ಯಾಪ್‌ಟಾಪು ತಗೊ ಅಂದರು. ನಮ್ಮ ಯಜಮಾನರು ಗಳಿಗೆಗೊಮ್ಮೆ ಬಾಗಿಲಲ್ಲಿ ಇಣುಕುತ್ತಿದ್ದರು.

"ಎಷ್ಟಕ್ಕ ಬಂತವ್ವಾ?"

"ನಲವತ್ತು ಪರ್ಸೆಂಟ್, ಮುತ್ಯಾ."

"ನಿನ್ನಿನೂ ಅಷ್ಟ ಇತ್ತಲ್ಲ!"

"ಅದು ನಿನ್ನಿ ನಲವತ್ತು. ಇದು ಬ್ಯಾರೆ."

ನಿನ್ನೆ ಮುಂಜಾನೆ ಹನ್ನೊಂದಕ್ಕೆ ಆಕೆ ಒಮ್ಮೆಲೇ ಅತ್ತುಬಿಟ್ಟಳು. ಓದುತ್ತ ಓದುತ್ತ ಮಷೀನು ಎರಡನೇ ಪುಟಕ್ಕೆ ಬಾಯಿ ಮುಚ್ಚುತ್ತಿತ್ತು. ತಪ್ಪು ಸಿಕ್ಕಿದೆ, ಒಂದೇ ಸಾಲು. ತಿದ್ದಿಯೂ ಆಗಿದೆ. ಆದರೆ ನಾಲ್ಕು ಗಂಟೆಗೆ ಶಹಾಪುರದ ಕಾಲೇಜಿನಲ್ಲಿ ಸರ್ ಮುಂದೆ ಓದಿಸಿ ತೋರಿಸಬೇಕು. ಹನ್ನೊಂದಕ್ಕೆ ಐದು ಕೂಡಿಸಿದರೆ ಇಲ್ಲೇ ನಾಲ್ಕು. ಬಸ್ಸಿನ ಹೊತ್ತು ಎಲ್ಲಿಂದ ತರುವುದು? ತಪ್ಪಿದರೆ ಒಂದು ವರ್ಷ ಹೋಯಿತು.

"ಒಂದ ಸಾಲಿಗೆ ಎಲ್ಲಾ ಮೊದಲಿಂದ ಯಾಕ ಮಾಡ್ತಿ?" ಎಂದೆ.

"ಹಳೇದೆಲ್ಲಾ ಅಳಿಸಿ, ಸ್ವಚ್ಛ ಮಾಡಿ ಮತ್ತ ಹಚ್ಚತೀನಿ, ಆಯಿ. ನೀನ ಕಲಿಸಿದ್ದಲ್ಲ? ಒಲಿ ಸಾರಿಸದ, ಬೋಗುಣಿ ತಿಕ್ಕದ ಹೊಸಾ ಅಡಗಿ ಹಚ್ಚಬಾರದು ಅಂತ."

ಹೌದಲ್ಲ! ಬೈದು ಬೈದು ಕಲಿಸಿದವಳು ನಾನೇ.

"ಅದು ಅನ್ನ-ಸಾರಿಗಿ ಹೇಳಿದ್ದು, ಹುಚ್ಚಿ! ಖಡಕ್ ರೊಟ್ಟಿ ನಾ ದಿನಾ ಬಡೀತೀನೇನು? ಬುಟ್ಟಿ ತುಂಬ ಬಡದು ಇಟ್ಟಿರತೀನಿ. ಬೀಗರು ಬಂದ್ರ ಪಲ್ಯಾ ಅಷ್ಟ ಮಾಡ್ತೀನಿ. ಪಲ್ಯಾ ಕೆಟ್ರ ರೊಟ್ಟಿನೂ ತಿಪ್ಪಿಗಿ ಒಗೀತಾರೇನು?"

ಆಕೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ನಿನ್ನಿ ಮಾಡಿದ್ದು ಇನ್ನಾ ಅಳಿಸಿಲ್ಲ, ಆಯಿ..."

ಅಳಿಸದೆ ಹಾಗೇ ಹಚ್ಚಿದಳು. ತಿದ್ದಿದ ಫೈಲು, ಅದಕ್ಕೆ ಅಂಟಿಕೊಂಡ ಒಂದಿಷ್ಟು, ಅಷ್ಟನ್ನು ಮಾತ್ರ ಮಷೀನು ಹೊಸದಾಗಿ ಮಾಡಿಕೊಂಡಿತು. ಉಳಿದದ್ದೆಲ್ಲ ಮೊದಲೇ ತಯಾರಿತ್ತಲ್ಲ! ನಾನು ಒಳಗೆ ಹೊರಗೆ ತಿರುಗಿ ತಿರುಗಿ ಸಾಕಾದೆ. ಹತ್ತೇ ನಿಮಿಷದಲ್ಲಿ ಮುಗಿಯಿತು. ಓದಲು ಹಚ್ಚಿದರೆ, ಎರಡನೇ ಪುಟ ದಾಟಿ ಮೂರನೆಯದಕ್ಕೆ ಹೋಯಿತು. ಅಂಬಿಕಾ ಒಂದು ಗಂಟೆಯ ಬಸ್ಸು ಹತ್ತಿದಳು.

ಎಷ್ಟು ಕೆಲಸ ನಾವು ಹೀಗೆ ಇದ್ದದ್ದನ್ನು ಅಳಿಸಿ ಅಳಿಸಿ ಮತ್ತೆ ಮಾಡುತ್ತೇವೆ, ಹೇಳಿ? ಹೋದ ವರ್ಷ ಕೊಟ್ಟ ಕಾಗದವನ್ನೇ ಕಚೇರಿಯವರು ಈ ವರ್ಷವೂ ಮೊದಲಿನಿಂದ ಕೇಳುತ್ತಾರೆ. ಗಂಡ ಹೆಂಡಿರ ಜಗಳ ಸಾರಿನ ಉಪ್ಪಿಗೆ ಶುರುವಾಗಿ, ಮದುವೆಯ ದಿನದಿಂದ ಕಂಪೈಲ್ ಆಗುತ್ತದೆ. (ನಮ್ಮ ಮನೆಯದು ಹೇಳುತ್ತಿಲ್ಲ.)

ಸಂಜೆ ಮಗ, ಸೊಸೆ, ಯಜಮಾನರು, ಅಂಬಿಕಾ, ನಾನು, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಹದಿನೈದು ದಿನದ ಮೇಲೆ ಮೊದಲ ಸಲ.

"ಆಯಿ, ಮೊದಲ ಯಾಕ ಹೇಳಲಿಲ್ಲ ನೀ?" ಎಂದಳು ಅಂಬಿಕಾ, ಬಾಯಿ ತುಂಬ ತುತ್ತು.

"ಗೆಳತ್ಯಾರ್ನ ಕೇಳಿದಿ, ಫೋನಿನ್ಯಾಗ ಹುಡಕಿದಿ. ನನ್ನ ಕೇಳಿದೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಹೇಳಿ, ಒಲೆ ಮುಂದೆ ಕೂತವಳನ್ನು ಕೇಳುವುದಕ್ಕೆ ಎಲ್ಲರಿಗೂ ಯಾಕೆ ಇಷ್ಟು ತಡವಾಗುತ್ತದೆ?